ಹೃದಯಕ್ಕೂ ಮೊದಲು ಕಾಲಿನ ನಾಳ

ಹೃದಯ ಶಸ್ತ್ರಚಿಕಿತ್ಸೆಯ ತರಬೇತಿಗೆ ಸೇರಿದವರ ಕೈಗೆ ಮೊದಲು ಸಿಗುವುದು ಹೃದಯವಲ್ಲ, ಕಾಲು. ಹೃದಯದ ಮುಚ್ಚಿದ ನಾಳವನ್ನು ಬಳಸಿ ರಕ್ತಕ್ಕೆ ಹೊಸ ದಾರಿ ಮಾಡಿಕೊಡುವ ಬೈಪಾಸ್‌ಗೆ ಬೇಕಾದ, ಕಾಲಿನ ಸಫೀನಸ್ ಅಭಿಧಮನಿಯನ್ನು ಬಿಡಿಸಿಕೊಡುವ ಕೆಲಸ ಕಿರಿಯರದು. ವೈದ್ಯಕೀಯ ಪದವಿಯನ್ನೂ ಸಾಮಾನ್ಯ ಶಸ್ತ್ರಚಿಕಿತ್ಸೆಯ ತರಬೇತಿಯನ್ನೂ ಮುಗಿಸಿ ಬಂದಿದ್ದ ನಾನು, ಮೊಳದೂರದಲ್ಲಿ ತೆರೆದ ಎದೆಯೊಳಗೆ ಹೃದಯ ಬಡಿಯುತ್ತಿದ್ದರೂ, ತಿಂಗಳುಗಟ್ಟಲೆ ಕಾಲಿನ ಬಳಿಯೇ ತಲೆ ತಗ್ಗಿಸಿ ನಿಂತಿದ್ದೆ. ನಾಳವನ್ನು ಇಕ್ಕಳದಲ್ಲಿ ಹಿಸುಕಿದರೆ ಅಥವಾ ಬಲವಾಗಿ ಎಳೆದರೆ ಒಳಪದರಕ್ಕೆ ಪೆಟ್ಟಾಗಿ ಮುಂದೆ ಅಲ್ಲಿಯೇ ರಕ್ತ ಹೆಪ್ಪುಗಟ್ಟಬಹುದೆಂಬುದನ್ನು ಓದಿ ತಿಳಿದಿದ್ದೆನಾದರೂ, ಅದು ಕೈಗೆ ಇಳಿದದ್ದು ಆ ದಿನಗಳಲ್ಲಿ.

ಎದೆಮೂಳೆ ತೆರೆಯುವುದು, ಮಹಾಪಧಮನಿಗೆ ಕೊಳವೆ ಜೋಡಿಸುವುದು ಆಮೇಲಿನ ಹಂತಗಳು. ಹೃದಯ, ಶ್ವಾಸಕೋಶಗಳ ಕೆಲಸವನ್ನು ಅಷ್ಟು ಹೊತ್ತು ತಾನೇ ಮಾಡುವ ಹೃದಯ-ಶ್ವಾಸಕೋಶ ಯಂತ್ರದ ನೆರವಿನಿಂದ ಜಾನ್ ಗಿಬ್ಬನ್ ಮೊದಲ ಯಶಸ್ವಿ ತೆರೆದ ಹೃದಯ ಶಸ್ತ್ರಚಿಕಿತ್ಸೆ ನಡೆಸಿದ್ದು 1953ರಲ್ಲಿ. ಪೊಟ್ಯಾಸಿಯಂ ದ್ರಾವಣದಿಂದ ಹೃದಯವನ್ನು ನಿಲ್ಲಿಸಿ ಹೊಲಿಯುವ ಇಂದಿನ ಕ್ರಮ ಆ ಯಂತ್ರವನ್ನೇ ನಂಬಿಕೊಂಡಿದೆ. ಆದರೆ ಹೃದಯ ನಿಂತಿರುವಷ್ಟು ಹೊತ್ತೂ ಗಡಿಯಾರ ನಿಲ್ಲುವುದಿಲ್ಲ.

ಹೃದಯದ ಸ್ನಾಯುವಿಗೇ ರಕ್ತ ಒಯ್ಯುವ, ಸುಮಾರು ಒಂದೂವರೆ ಮಿಲಿಮೀಟರ್ ಅಗಲದ ಪರಿಧಮನಿಗೆ ಕೂದಲಿಗಿಂತ ಸಣ್ಣ ದಾರದಲ್ಲಿ ನಾನು ಮೊದಲ ಬಾರಿ ಹೊಲಿಗೆ ಹಾಕಿದ ದಿನ, ಮೂರನೆಯ ಹೊಲಿಗೆ ಎದುರುಗೋಡೆಯನ್ನೂ ಹಿಡಿದುಬಿಟ್ಟಿತ್ತು. ಹಾಗೆಯೇ ಬಿಟ್ಟಿದ್ದರೆ ನಾಳ ಮುಚ್ಚಿಹೋಗುತ್ತಿತ್ತು. ಎದುರಿಗಿದ್ದ ಗುರುಗಳು ದನಿಯೇರಿಸದೆ "ಬಿಚ್ಚಿ, ಮತ್ತೆ ಹಾಕಿ" ಎಂದರು. ಸೂಜಿಯನ್ನು ಮಾತ್ರ ನನ್ನ ಕೈಯಿಂದ ತೆಗೆದುಕೊಳ್ಳಲಿಲ್ಲ. ನನ್ನನ್ನು ಶಸ್ತ್ರಚಿಕಿತ್ಸಕನಾಗಿಸಿದ್ದು ಆ ಗಳಿಗೆಯೇ ಎಂದು ನಾನು ನಂಬಿದ್ದೇನೆ.

ಈ ವಿದ್ಯೆಯಲ್ಲಿ ಪಕ್ಕದಲ್ಲಿ ನಿಲ್ಲುವವರ ಪಾಲು ಎಷ್ಟೆಂಬುದಕ್ಕೆ ಪ್ರಯೋಗಾಲಯದ ಸಹಾಯಕರಾಗಿದ್ದ ವಿವಿಯನ್ ಥಾಮಸ್ ಅವರಿಗಿಂತ ದೊಡ್ಡ ಸಾಕ್ಷಿ ನನಗೆ ಗೊತ್ತಿಲ್ಲ. 1944ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಆಲ್ಫ್ರೆಡ್ ಬ್ಲೇಲಾಕ್ ಅವರು ಮೈ ನೀಲಿಗಟ್ಟಿದ ಮಗುವಿಗೆ ಶಸ್ತ್ರಚಿಕಿತ್ಸೆ ಮಾಡುವಾಗ, ಆ ವಿಧಾನವನ್ನು ಪ್ರಯೋಗಾಲಯದಲ್ಲಿ ಮತ್ತೆ ಮತ್ತೆ ಮಾಡಿ ಪಳಗಿದ್ದ ಥಾಮಸ್, ವೈದ್ಯಕೀಯ ಪದವಿಯೇ ಇಲ್ಲದವರು, ಅವರ ಹಿಂದೆ ಮೆಟ್ಟಿಲುಮಣೆಯ ಮೇಲೆ ನಿಂತು ಹೊಲಿಗೆ ಹೊಲಿಗೆಗೂ ಸಲಹೆ ಕೊಟ್ಟರು. ಥಾಮಸ್ ಅವರಿಗೆ ಗೌರವ ಡಾಕ್ಟರೇಟ್ ಸಂದದ್ದು 1976ರಲ್ಲಿ, ಅಂದರೆ ಮೂವತ್ತೆರಡು ವರ್ಷ ತಡವಾಗಿ.

ಈಗ ಮೇಜಿನ ಆಚೆ ಬದಿಯಲ್ಲಿ ದಾರ ಹಿಡಿದು ನಿಲ್ಲುವವನು ನಾನು. ಕಿರಿಯರ ಸೂಜಿ ನಾಳದಂಚಿನಲ್ಲಿ ಅರೆಗಳಿಗೆ ತಡೆದಾಗ ನನ್ನ ಬೆರಳುಗಳು ತಾವಾಗಿಯೇ ಮುಂದೆ ಚಾಚುತ್ತವೆ. ದಾರವನ್ನು ಹದವಾಗಿ ಬಿಗಿಹಿಡಿದು ಅವನ್ನು ಅಲ್ಲಿಯೇ ನಿಲ್ಲಿಸಿಕೊಳ್ಳುತ್ತೇನೆ.