ತಾರಾಗೋನಾ ಮಾದರಿ: ಮೆಟ್ಟಿಲು ಕಿತ್ತು ಚರ್ಚು ಕಟ್ಟಿದ್ದು

ಸ್ಪೇನಿನ ತಾರಾಗೋನಾ ಊರಿನ ರೋಮನ್ ಆಂಫಿಥಿಯೇಟರಿನ (ನಡುವೆ ಕಣ, ಸುತ್ತ ಮೆಟ್ಟಿಲಾಸನಗಳಿರುವ ಬಯಲು ರಂಗದ) ಮಾದರಿ ಮಾಡುತ್ತಿದ್ದೇನೆ. ಮೂರು ತಿಂಗಳು ಕೂತು ಎರಕ ಹೊಯ್ದು ಜೋಡಿಸಿದ್ದ ಅದರ ಮೆಟ್ಟಿಲುಸಾಲುಗಳಲ್ಲಿ ಮೂರನೆಯ ಒಂದು ಪಾಲನ್ನು ಕಳೆದ ಭಾನುವಾರ ನಾನೇ ಉಳಿ ಹಿಡಿದು ಕಿತ್ತುಹಾಕಿದೆ; ನನ್ನ ತಲೆ ಕೆಟ್ಟಿದೆ ಎಂದು ಮನೆಯವರಿಗೆ ಅಂದು ಖಾತ್ರಿಯಾಯಿತು.

ಮಾದರಿಯ ಅಳತೆ 1:200. ಕಣದ ಉದ್ದ 31 ಸೆಂ.ಮೀ., ಅಗಲ 19 ಸೆಂ.ಮೀ. ಅಚ್ಚು, ಎರಕ, ಉಜ್ಜುವಿಕೆಗಳನ್ನು ಇಲ್ಲಿ ವಿವರಿಸುವುದಿಲ್ಲ. ನನ್ನನ್ನು ಕಾಡಿದ್ದು ಕಣದ ನಡುವಿನ ಚರ್ಚು.

259ರ ಜನವರಿ 21ರಂದು ಬಿಷಪ್ ಫ್ರುಕ್ತುವೋಸುಸ್ ಮತ್ತು ಅವನ ಇಬ್ಬರು ಡೀಕನ್‌ಗಳನ್ನು (ಸಹಾಯಕ ಪಾದ್ರಿಗಳನ್ನು) ಇದೇ ಆಂಫಿಥಿಯೇಟರಿನಲ್ಲಿ ಜೀವಂತ ಸುಟ್ಟರು. ವಿಚಾರಣೆಯಲ್ಲಿ ರಾಜ್ಯಪಾಲನು "ನೀನು ಬಿಷಪ್ಪನೋ?" ಎಂದು ಕೇಳಿದಾಗ ಅವನು "ಹೌದು" ಎಂದನಂತೆ, "ನೀನು ಆಗಿದ್ದೆ" ಎಂದು ರಾಜ್ಯಪಾಲನು ತಿದ್ದಿದನಂತೆ. ಊರು 470ರ ದಶಕದಲ್ಲಿ ದೊರೆ ಯೂರಿಕನ ಮೂಲಕ, ಜರ್ಮಾನಿಕ್ ಗೋಥರ ಒಂದು ಶಾಖೆಯಾದ ವಿಸಿಗೋಥರ ಕೈಸೇರಿತು. 6ನೇ ಶತಮಾನದಲ್ಲಿ ಆ ಮೂವರ ನೆನಪಿಗೆ ಕಣದೊಳಗೇ ಮೂರು ಅಂಕಣದ ಬಸಿಲಿಕಾ, ಅಂದರೆ ಉದ್ದನೆಯ ಚರ್ಚು, ಎದ್ದಿತು.

ಮೊದಲ ಎಡವಟ್ಟು ನನ್ನದೇ. ಇಂದು ಅಲ್ಲಿ ಎದ್ದು ಕಾಣುವ ಶಿಲುಬೆಯಾಕಾರದ ಗೋಡೆಗಳು 12ನೇ ಶತಮಾನದಲ್ಲಿ ಅದರ ಮೇಲೆಯೇ ಕಟ್ಟಿದ ಸಾಂತಾ ಮರಿಯಾ ಚರ್ಚಿನವು ಎಂಬುದನ್ನು ಗಮನಿಸದೆ, ಫೋಟೋ ನೋಡಿ ಅವನ್ನೇ ನಕಲು ಮಾಡಿ ಒಂದು ತಿಂಗಳು ಕಳೆದೆ.

ನಕ್ಷೆ ತಿದ್ದಿದ ಮೇಲೂ ಚರ್ಚು ಕಣಕ್ಕೆ ಒಗ್ಗಲಿಲ್ಲ. ಹೊಸ ಇಟ್ಟಿಗೆಗಳಂತೆ ಒಂದೇ ಅಳತೆಯ ತುಂಡುಗಳಿಂದ ಕಟ್ಟಿದ್ದ ಅದು, ಬಟ್ಟಲಲ್ಲಿಟ್ಟ ಮೈಸೂರು ಪಾಕಿನಂತೆ ಕಾಣುತ್ತಿತ್ತು. ಸಾಲದ್ದಕ್ಕೆ, ತಾರಾಗೋನಾ ಬಳಿಯ ಎಲ್ ಮೆದೊಲ್ ಕಲ್ಲುಗಣಿಯ ಜೇನುಬಣ್ಣಕ್ಕೆ ಹೊಂದುವ ಪುಡಿ ಕೇಳಿದರೆ ಅಂಗಡಿಯವರು ಸಿಮೆಂಟಿನ ಬಣ್ಣದ್ದನ್ನು ಕಳಿಸಿ, "ಒಣಗಿದ ಮೇಲೆ ಹಳದಿಯಾಗುತ್ತದೆ ಸಾರ್" ಎಂದರು. ಹದಿನೈದು ದಿನ ಒಣಗಿಸಿದರೂ ಆಗಲಿಲ್ಲ.

ಆ ಸಿಟ್ಟಿನಲ್ಲಿ ಕೂತಿದ್ದಾಗ ಹೊಳೆಯಿತು: ಬಸಿಲಿಕಾ ಕಟ್ಟಿದವರು ಹೊಸ ಕಲ್ಲಿಗಾಗಿ ಎಲ್ಲಿಗೂ ಹೋಗಲಿಲ್ಲ, ಆಂಫಿಥಿಯೇಟರಿನ ಕಲ್ಲುಗಳನ್ನೇ ಬಳಸಿಕೊಂಡರು. ಹಾಗಾದರೆ ಗೋಡೆ ಏರಿದಷ್ಟೂ ಮೆಟ್ಟಿಲು ಖಾಲಿಯಾಗಬೇಕು. ನಾನೋ ಎರಡನ್ನೂ ಇಡಿಯಾಗಿ ಇಟ್ಟುಕೊಂಡು ಲೆಕ್ಕ ತಪ್ಪಿಸಿದ್ದೆ. ಬಣ್ಣ ಬಳಿದು ಒಣಗಿದ್ದ ಮೆಟ್ಟಿಲುಗಳನ್ನು ಒಡೆದು ಆ ಚೂರುಗಳಿಂದಲೇ ಗೋಡೆ ಎಬ್ಬಿಸಿದೆ. ಮುರಿದ ಅಂಚು ಒಂದು ಕಲ್ಲಿನಲ್ಲಿ ಒಳಕ್ಕೆ, ಇನ್ನೊಂದರಲ್ಲಿ ಹೊರಕ್ಕೆ. ಒಂದರ ಮೇಲೆ ಹಳೆಯ ಬಣ್ಣ, ಪಕ್ಕದ್ದರಲ್ಲಿ ಬಿಳಿ ಗಾಯ. ಬಣ್ಣದ ಚಿಂತೆಯೂ ತಾನಾಗಿ ತೀರಿತು, ಏಕೆಂದರೆ ಎರಡೂ ಕಡೆ ಇದ್ದದ್ದು ಒಂದೇ ಕಲ್ಲು.

ಮುಂದಿನದು ಸ್ಪೇನಿನದೇ ಆದ ಮೆರಿದಾ ಊರಿನ ಸೇತುವೆ ಎಂದು ಆಗಲೇ ಮನಸ್ಸಿನಲ್ಲಿ ಗೊತ್ತುಮಾಡಿದ್ದೇನೆ. ರೋಮನ್ನರ ಆ ಸೇತುವೆಯನ್ನು ಯೂರಿಕನ ಕಾಲದಲ್ಲಿ, 483ರಲ್ಲಿ, ಗೋಥ್ ಅಧಿಕಾರಿ ಸಲ್ಲಾ ಮತ್ತು ಬಿಷಪ್ ಜೆನೋ ಸೇರಿ ದುರಸ್ತಿ ಮಾಡಿಸಿದರು. ಗೋಥರು ಆರಿಯನ್ ಪಂಥದವರು (ಏಸುವನ್ನು ತಂದೆ ದೇವರಿಗೆ ಸಮನೆಂದು ಒಪ್ಪದ ಕ್ರೈಸ್ತರು), ಬಿಷಪ್ಪನು ಕ್ಯಾಥೊಲಿಕ್. ಆದರೂ ಕೆಲಸ ನಡೆಯಿತು. ಅರವತ್ತು ಕಮಾನುಗಳು, ಹತ್ತಿರ ಹತ್ತಿರ 800 ಮೀಟರ್! 1:200ರಲ್ಲೇ ನಾಲ್ಕು ಮೀಟರಾಗುವುದರಿಂದ ಹಜಾರ ಬಿಟ್ಟುಕೊಡಲು ಮನೆಯಲ್ಲಿ ಮಾತುಕತೆ ನಡೆದಿದೆ.

ಸದ್ಯಕ್ಕೆ ಬಸಿಲಿಕಾದ ಪೂರ್ವ ತುದಿಯ ಅರ್ಧವೃತ್ತದ ಗೋಡೆ ಉಳಿದಿದೆ. ನಿನ್ನೆ ರಾತ್ರಿ ಅದರ ಕೊನೆಯ ಸಾಲಿಗೆ ಹನ್ನೊಂದು ಕಲ್ಲು ಸಾಲದೆ ಹೋದದ್ದರಿಂದ, ಸಮುದ್ರದ ಕಡೆಯ ಮೆಟ್ಟಿಲುಗಳಿಗೆ ಮತ್ತೆ ಉಳಿ ಇಟ್ಟೆ.