ಸೋಮವಾರದ ನೀಲಿ ಮಾತ್ರೆ

ಶಾಲೆಗಳಲ್ಲಿ ಆರೋಗ್ಯದ ನಾಟಕ ಆಡಿಸುವ ನಮ್ಮ ಆಫೀಸಿನ ರಿಪೋರ್ಟ್ ಫಾರ್ಮ್ಯಾಟಿನಲ್ಲಿ ‘ಅಡಚಣೆಗಳು’ ಅಂತ ಒಂದು ಕಾಲಂ ಉಂಟು. ಪ್ರತಿ ಸಲ ಅಲ್ಲಿ ತುಂಬಿಸುವುದು ಒಂದೇ ಸಾಲು: ‘ಪೋಷಕರಲ್ಲಿ ಅರಿವಿನ ಕೊರತೆ’. ಮಂಗಳೂರು ಧಕ್ಕೆಯ (ಮೀನುಗಾರಿಕೆ ಬಂದರಿನ) ಹತ್ತಿರದ ಹೈಸ್ಕೂಲೊಂದರಲ್ಲಿ ನಾಟಕ ಆಡಿಸಿದ ಮೇಲೆ ಅದನ್ನು ಬರೆಯಲು ಕೈ ಬರುತ್ತಿಲ್ಲ.

ವಿಷಯ ರಕ್ತಹೀನತೆ. ಶಾಲೆಯಲ್ಲಿ ಕೊಡುವ ವಾರಕ್ಕೊಂದು ನೀಲಿ ಮಾತ್ರೆ, 60 ಮಿ.ಗ್ರಾಂ ಕಬ್ಬಿಣ, 500 ಮೈಕ್ರೊಗ್ರಾಂ ಫೋಲಿಕ್ ಆಸಿಡ್. ಹುಡುಗಿಯರು ಅದನ್ನು ಸದ್ದಿಲ್ಲದೆ ಚರಂಡಿಗೆ ಎಸೆಯುತ್ತಿದ್ದರು. ನಮ್ಮ ಸ್ಕ್ರಿಪ್ಟಿನಲ್ಲಿ ತಾಯಿಯೇ ಖಳನಾಯಕಿ: “ಅದು ತಿಂದ್ರೆ ಮುಂದೆ ಮಕ್ಕಳಾಗುದಿಲ್ಲ ಮಗಾ.” ಆ ಮಾತು ಊರಲ್ಲಿ ಇಲ್ಲವೆಂದಲ್ಲ. ಆಫೀಸಿನಲ್ಲಿ ಎಲ್ಲರೂ ನಕ್ಕು ಒಪ್ಪಿದ್ದರು.

ಬ್ರೆಜಿಲಿನ ರಂಗಕರ್ಮಿ ಬೋವಾಲ್ ಕಟ್ಟಿದ ಫೋರಂ ಥಿಯೇಟರಿನಲ್ಲಿ ನೋಡುಗರು ಸ್ಟಾಪ್ ಅಂದು ನೊಂದವರ ಜಾಗಕ್ಕೆ ಬರಬಹುದು. ದಬ್ಬಾಳಿಕೆ ಮಾಡುವವರ ಜಾಗಕ್ಕೆ ಬರುವ ಹಾಗಿಲ್ಲ. ಒಂಬತ್ತನೇ ಕ್ಲಾಸಿನ ಹುಡುಗಿ ಸ್ಟಾಪ್ ಅಂದು ಬಂದವಳು, ಸ್ಕ್ರಿಪ್ಟಿನಲ್ಲೇ ಇಲ್ಲದ ಟೀಚರ್ ಆಗಿ ನಿಂತಳು. ಒಂದು ಕೈಯಲ್ಲಿ ಮೊಬೈಲ್ ಹಿಡಿದ ಹಾಗೆ. “ಬೇಗ ನುಂಗಿ, ಫೋಟೊ ಹಾಕ್ಲಿಕ್ಕುಂಟು.” ಮಗಳ ಪಾತ್ರದವಳು ತಬ್ಬಿಬ್ಬಾಗಿ, ಕಲಿತ ಮಾತು ಬಿಟ್ಟು ತುಳುವಿಗೆ ಜಾರಿದಳು: “ಬಂಜಿಡ್ ದಾಲಾ ಇಜ್ಜಿ ಟೀಚರ್.” ಹೊಟ್ಟೆಯಲ್ಲಿ ಏನೂ ಇಲ್ಲ.

ಮಕ್ಕಳೆಲ್ಲ ಹೋ ಅಂತ ನಕ್ಕರು. ಮುಂದಿನ ಸಾಲಿನಲ್ಲಿದ್ದ ನೋಡಲ್ ಟೀಚರ್ (ಮಾತ್ರೆಯ ಉಸ್ತುವಾರಿ ಅವರದ್ದು) ನಗಲಿಲ್ಲ, ನನ್ನನ್ನೇ ದಿಟ್ಟಿಸುತ್ತಿದ್ದರು. ಪಕ್ಕದಲ್ಲಿ ಮೆಡಿಕಲ್ ಆಫೀಸರ್ (ಎಂಒ). ಜೋಕರ್, ಅಂದರೆ ಈ ಆಟ ನಡೆಸಿಕೊಡುವವ, ನಾನು. ‘ಇದು ನಿಯಮದಲ್ಲಿಲ್ಲ’ ಅಂದರೆ ಮುಗಿಯಿತು, ಮುಂದಿನ ವರ್ಷದ ಪರ್ಮಿಷನ್ನೂ ಭದ್ರ. ಬಾಯಿ ತೆರೆದೆ ಕೂಡ. ಅಷ್ಟರಲ್ಲಿ ಹಿಂದಿನಿಂದ ಇನ್ನೊಂದು ಸ್ಟಾಪ್. ಇವಳು ತಾಯಿಯಾದಳು. ಇನ್ನೂ ಕತ್ತಲಿರುವಾಗ ಬುಟ್ಟಿ ಹಿಡಿದು ಧಕ್ಕೆಗೆ ಹೊರಡುತ್ತಾ, “ಗಂಜಿ ಉಂಟು, ತಮ್ಮನಿಗೆ ಉಣ್ಣಿಸಿ ಶಾಲೆಗೆ ಕಳಿಸು” ಅಂತ ಹೇಳಿ ಹೋದಳು. ಮಾತ್ರೆಯ ಸುದ್ದಿಯೇ ಇಲ್ಲ. ಮಗಳು ತಮ್ಮನಿಗೆ ಉಣ್ಣಿಸಿದಳು, ಬೆಲ್ ಆಯಿತು, ಓಡಿದಳು. ಆಗ ಯಾರೂ ನಗಲಿಲ್ಲ.

ಎಂಒ ಮೈಕ್ ಕೇಳಿದಾಗ ಮಕ್ಕಳಿಗೆ ಬೈಯುತ್ತಾರೆ ಅಂದುಕೊಂಡೆ. ಅವರು ಕೇಳಿದ್ದು, “ಮಾತ್ರೆ ಎಷ್ಟು ಹೊತ್ತಿಗೆ ಕೊಡ್ತಾರೆ?” ಮಕ್ಕಳು ಒಟ್ಟಿಗೇ, “ಪ್ರೇಯರ್ ಆದ ಕೂಡ್ಲೆ!”

ಊಟವಾದ ಮೇಲೆ ಕೊಡಬೇಕು ಅಂತ ಗೈಡ್‌ಲೈನಿನಲ್ಲೇ ಉಂಟು. ಖಾಲಿ ಹೊಟ್ಟೆಗೆ ಕಬ್ಬಿಣ ಬಿದ್ದರೆ ವಾಕರಿಕೆ ಬರುತ್ತದೆ. ಬೆಳಿಗ್ಗೆ ಹೊಟ್ಟೆಗೆ ಬೀಳುವುದು ಹೆಚ್ಚೆಂದರೆ ಕ್ಷೀರಭಾಗ್ಯದ ಹಾಲು, ಅದರ ಕ್ಯಾಲ್ಸಿಯಂ ಕಬ್ಬಿಣವನ್ನು ಸರಿಯಾಗಿ ಮೈಗೆ ಹತ್ತಗೊಡುವುದಿಲ್ಲ. ಈಗ ಮಾತ್ರೆ ಬಿಸಿಯೂಟದ ನಂತರ. ಬೆಳಗಿನ ಗಂಜಿ ಮಾತ್ರ ಈಗಲೂ ತಮ್ಮನಿಗೇ. ಅದಕ್ಕೆ ಯಾವ ಮಾತ್ರೆಯೂ ಇಲ್ಲ.

ಆಫೀಸು ಕೇಳಿದ್ದು ಪ್ರಿ-ಪೋಸ್ಟ್ ಸ್ಕೋರ್, ನಾಟಕಕ್ಕೆ ಮೊದಲು ಮತ್ತು ನಂತರ ಮಕ್ಕಳು ತೆಗೆದ ಅಂಕ. ಮುಂದಿನ ಶಾಲೆಗೂ ಅದೇ ಸ್ಕ್ರಿಪ್ಟ್ ಬಂದಿದೆ. ನಾನು ಅದನ್ನು ಬ್ಯಾಗಿನಲ್ಲೇ ಇಟ್ಟು, ಎದ್ದಾಗಿನಿಂದ ಫಸ್ಟ್ ಬೆಲ್ ತನಕ ಏನೇನಾಯಿತೋ ಆಡಿ ತೋರಿಸಿ ಅಂತ ಹುಡುಗಿಯರಿಗೆ ಹೇಳಿದ್ದೇನೆ. ಅದಕ್ಕೆ ಒಂದು ಸೆಷನ್ ಜಾಸ್ತಿ ಬೇಕು. ಬಜೆಟ್ಟಿನಲ್ಲಿ ಇಲ್ಲವಂತೆ. ಜಾಥಾದ ಬ್ಯಾನರಿಗೆ ಉಂಟು.