ಸಡಿಲ ಜೀನ್ಸಿಗೆ ಬೆನ್ನಿನಲ್ಲೊಂದು ಜೋಡಣೆ

ಭಾನುವಾರ ಮಧ್ಯಾಹ್ನ

ಜೀನ್ಸ್ ಒಗೆದು ಒಣಗಿಸಿ, ಅರ್ಧ ಗಂಟೆ ಹಾಕಿಕೊಂಡು ಮನೆಯೊಳಗೆ ಓಡಾಡಿದ ಮೇಲೆಯೇ ಟೇಪು ಕೈಗೆತ್ತಿಕೊಂಡೆ. ಒಗೆದ ಡೆನಿಮ್ ಮೊದಮೊದಲು ಬಿಗಿಯಾಗಿರುತ್ತದೆ. ಕೂತು ಎದ್ದು ಮಾಡಿದಂತೆಲ್ಲ ಸಡಿಲುತ್ತದೆ. ಇದರಲ್ಲಿ ಹತ್ತಿಯ ಜೊತೆ ಶೇ 2ರಷ್ಟು ಸ್ಪ್ಯಾಂಡೆಕ್ಸ್, ಅಂದರೆ ಹಿಗ್ಗುವ ನೂಲು, ಬೇರೆ ಇದೆ. ಹಗ್ಗದಿಂದ ತೆಗೆದ ಕೂಡಲೇ ಅಳೆದು ಹೊಲಿದರೆ ಆ ಅಳತೆ ನಾಲ್ಕು ದಿನವೂ ನಿಲ್ಲುವುದಿಲ್ಲ.

ಸೊಂಟಪಟ್ಟಿಯ ಒಳಸುತ್ತು 34 ಇಂಚು. ಪಟ್ಟಿ ಕೂರುವ ಜಾಗದಲ್ಲಿ ನನಗೆ ಬೇಕಾದದ್ದು 32½. ತೊಡೆ ಸರಿಯಾಗಿದೆ, ಸೀಟು, ಅಂದರೆ ಕೂರುವ ಭಾಗ, ಸರಿಯಾಗಿದೆ. ಕೂತಾಗ ಮಾತ್ರ ಪಟ್ಟಿ ಬೆನ್ನಿನಿಂದ ದೂರ ಸರಿದು ಬಾಯಿ ತೆರೆದುಕೊಳ್ಳುತ್ತದೆ. ಬೆಲ್ಟ್ ಬಿಗಿದರೆ ಆ ಹೆಚ್ಚುವರಿ ಬಟ್ಟೆಯೆಲ್ಲ ಲೂಪುಗಳ ನಡುವೆ ನೆರಿಗೆಗಟ್ಟಿ ಸೊಂಟಕ್ಕೆ ಒತ್ತುತ್ತದೆ. ತೊಂದರೆ ಇರುವುದು ಬೆನ್ನಿನ ಕಡೆ, ಹಾಗಾಗಿ ಕೆಲಸವೂ ಅಲ್ಲೇ ಆಗಬೇಕು.

ಬೇರೆ ದಾರಿಗಳನ್ನೂ ಯೋಚಿಸಿದೆ. ಪಟ್ಟಿಯ ಒಳಬದಿಯಲ್ಲಿ ಎರಡು ಸಣ್ಣ ಸೀಳು ಮಾಡಿ ಇಲಾಸ್ಟಿಕ್ ತೂರಿಸಬಹುದು. ಬೆಳೆಯುವ ಮಕ್ಕಳ ಬಟ್ಟೆಗೆ ಅದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಆದರೆ ಶರ್ಟು ಒಳಗೆ ಸೇರಿಸಿ ಹಾಕುವವರಿಗೆ ಹಿಂದಿನ ಸುಕ್ಕು ಎದ್ದು ಕಾಣುತ್ತದೆ. ಗುಂಡಿಯನ್ನು ಪಕ್ಕಕ್ಕೆ ಸರಿಸಿದರೆ ಜಿಪ್ಪಿನ ಪಟ್ಟಿ ಓರೆಯಾಗುತ್ತದೆ, ಆ ದಾರಿಯನ್ನು ನಾನು ಯಾರಿಗೂ ಸೂಚಿಸಲಾರೆ. ಪಟ್ಟಿಯನ್ನು ಬಿಚ್ಚದೆ, ಹಿಂದೆ ಎಲ್ಲವನ್ನೂ ಒಟ್ಟಿಗೆ ಚಿವುಟಿ ಹಿಡಿದು ಒಂದೇ ಗೆರೆ ಹೊಲಿಯುವುದು ಎಲ್ಲಕ್ಕಿಂತ ಬೇಗ ಮುಗಿಯುವ ಕೆಲಸ. ಆದರೆ ಅಲ್ಲಿ ಕೂಡಿಕೊಳ್ಳುವ ಗಂಟು ಬಸ್ಸಿನ ಸೀಟಿಗೆ ಒರಗಿದಾಗಲೆಲ್ಲ ಬೆನ್ನಿಗೆ ಚುಚ್ಚುತ್ತದೆ.

ನನ್ನ ಮನಸ್ಸಿನಲ್ಲಿದ್ದದ್ದು ನಮ್ಮ ಟೈಲರುಗಳು ಹೊಲಿಯುವ ಫಾರ್ಮಲ್ ಪ್ಯಾಂಟು. ಅದರ ಸೊಂಟಪಟ್ಟಿ ಎರಡು ತುಂಡು. ಬೆನ್ನಿನ ನಟ್ಟನಡುವೆ ಸೇರುತ್ತದೆ. ಸೀಟಿನ ಹೊಲಿಗೆಯ ಒಳಗೆ ಬೆರಳಗಲ ಬಟ್ಟೆ ಬಿಟ್ಟಿರುತ್ತಾರೆ. ಮೈ ಬಂದರೆ ಬಿಡಿಸಬಹುದು, ಇಳಿದರೆ ಹಿಡಿಯಬಹುದು. ಜೀನ್ಸಿನ ಪಟ್ಟಿಗೆ ಆ ಸೌಲಭ್ಯವಿಲ್ಲ, ಅದು ಸಾಮಾನ್ಯವಾಗಿ ಈ ತುದಿಯಿಂದ ಆ ತುದಿಯವರೆಗೆ ಒಂದೇ ಉದ್ದನೆಯ ತುಂಡು. ದುಡಿಯುವವರ ಉಡುಪಾಗಿ ಹುಟ್ಟಿದ್ದು ಜೀನ್ಸ್. ರೀನೋ ಊರಿನ ದರ್ಜಿ ಜೇಕಬ್ ಡೇವಿಸ್ ಮತ್ತು ಬಟ್ಟೆ ವ್ಯಾಪಾರಿ ಲೀವೈ ಸ್ಟ್ರಾಸ್ ಜೇಬಿನ ಮೂಲೆಗೆ ತಾಮ್ರದ ರಿವೆಟ್ ಬಡಿಯುವ ವಿಧಾನಕ್ಕೆ 1873ರ ಮೇ 20ರಂದು ಅಮೆರಿಕದ ಪೇಟೆಂಟ್ ಪಡೆದರು. ಆ ಹಳೆಯ ಪ್ಯಾಂಟುಗಳಿಗೆ ಬೆಲ್ಟಿನ ಲೂಪುಗಳೇ ಇರಲಿಲ್ಲ. ಹೆಗಲಪಟ್ಟಿಗೆ ಗುಂಡಿಗಳಿದ್ದವು, ಸೊಂಟ ಬಿಗಿದುಕೊಳ್ಳಲು ಬೆನ್ನಿನ ಮೇಲೆ ಬಕಲ್ ಇದ್ದ ಪುಟ್ಟ ಪಟ್ಟಿಯಿತ್ತು. ಲೀವೈಸ್ ಕಂಪನಿಯ 501 ಜೀನ್ಸಿಗೆ ಲೂಪುಗಳು ಬಂದದ್ದು 1922ರಲ್ಲಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಸಾಮಗ್ರಿ ಉಳಿಸಲು ಹಿಂದಿನ ಬಕಲ್ ಪಟ್ಟಿಯನ್ನೂ ತೆಗೆದರು. ಅಂದರೆ ಸೊಂಟವನ್ನು ಬೆನ್ನಿನಲ್ಲಿ ಹೊಂದಿಸಿಕೊಳ್ಳುವ ಅನುಕೂಲ ಜೀನ್ಸಿಗೂ ಒಮ್ಮೆ ಇತ್ತು. ಅದನ್ನು ಬೇರೊಂದು ರೂಪದಲ್ಲಿ ಮರಳಿ ಕೊಡುವುದೇ ಈ ಕೆಲಸದ ಉದ್ದೇಶ. ಪಟ್ಟಿಯನ್ನು ಹಿಂದೆ ಎರಡು ಮಾಡಿ ಜೋಡಿಸುತ್ತೇನೆ. ಬಟ್ಟೆಯನ್ನು ಮಾತ್ರ ಬಿಸಾಡುವುದಿಲ್ಲ.

ಸೋಮವಾರ ರಾತ್ರಿ

ಬಿಚ್ಚುವ ಕೆಲಸ. ಕಾರ್ಖಾನೆಯಲ್ಲಿ ಮೊದಲು ಸೀಟು ಕೂಡಿಸಿ ಆಮೇಲೆ ಪಟ್ಟಿ ಹಾಕುತ್ತಾರೆ, ಪಟ್ಟಿಯ ಮೇಲೆ ಲೂಪು. ನಾನು ಅದನ್ನೇ ಹಿಂದುಮುಂದಾಗಿ ನಡೆದೆ: ಲೂಪು, ಪಟ್ಟಿ, ಸೀಟು.

ನಡುಬೆನ್ನಿನ ಲೂಪನ್ನು ಹಿಡಿದಿರುವ ಒತ್ತು ಹೊಲಿಗೆಯನ್ನು ಒಳಬದಿಯಿಂದ ಕತ್ತರಿಸಬೇಕು. ಮೇಲಿನಿಂದ ಕತ್ತರಿಸಿದರೆ ಬ್ಲೇಡು ಲೂಪಿನ ಬಟ್ಟೆಗೇ ತಾಗುತ್ತದೆ. ಲೂಪು ಎದ್ದಾಗ ಅದರ ಅಡಿಯಲ್ಲಿ ಕಡುನೀಲಿ ಬಣ್ಣದ ಒಂದು ಚೌಕ ಕಂಡಿತು, ಬಿಸಿಲು ಸೋಪು ಎರಡನ್ನೂ ಕಾಣದ ಇಂಡಿಗೊ. ಇಡೀ ಪ್ಯಾಂಟು ಅಂಗಡಿಯಿಂದ ಬಂದ ದಿನ ಹೇಗಿತ್ತೆಂದು ಆ ಚೌಕವನ್ನು ನೋಡಿ ನೆನಪಾಯಿತು. ಚಿಂತೆಯಿಲ್ಲ, ಹೊಸ ಜೋಡಣೆಯಲ್ಲಿ ಅದು ಒಳಗೆ ಹೋಗುತ್ತದೆ. ಸೊಂಟ ಹಿಡಿಯುವುದರಲ್ಲಿ ಇರುವ ಅನುಕೂಲ ಇದು: ಹಳೆಯ ಸೂಜಿತೂತುಗಳು, ಹಳೆಯ ಗೆರೆಗಳು ಮರೆಯಾಗುತ್ತವೆ. ಬಿಡಿಸುವಾಗ ಅವೆಲ್ಲ ಹೊರಗೆ ಬರುತ್ತವೆ.

ಪಟ್ಟಿಯ ಹೊಲಿಗೆಯನ್ನು ಒಳಗಿನಿಂದ ನೋಡಿದರೆ ಸರಪಳಿಯಂತೆ ಕಾಣುತ್ತದೆ. ಚೈನ್ ಹೊಲಿಗೆ. ಮನೆಯ ಯಂತ್ರದ ಹೊಲಿಗೆಯಂತೆ ಇದು ಗಂಟು ಬಿಗಿದು ಕೂತಿರುವುದಿಲ್ಲ. ಸರಿಯಾದ ತುದಿಯಿಂದ ಒಳಗಿನ ಎಳೆಯನ್ನು ಎಳೆದರೆ ಕುಣಿಕೆಗಳು ಒಂದರ ಹಿಂದೊಂದು ಸರಸರನೆ ಬಿಚ್ಚಿಕೊಳ್ಳುತ್ತವೆ. ಇನ್ನೊಂದು ದಿಕ್ಕಿನಿಂದ ಎಷ್ಟು ಎಳೆದರೂ ಕದಲುವುದಿಲ್ಲ. ಆ ಸುಲಭದಲ್ಲೇ ಅಪಾಯವೂ ಇದೆ. ನಿಲ್ಲಿಸಬೇಕಾದ ಕಡೆ ನಿಲ್ಲಿಸದಿದ್ದರೆ ಇಡೀ ಪಟ್ಟಿ ಕೈಗೆ ಬರುತ್ತದೆ. ಆದ್ದರಿಂದ ನಡುವಿನಿಂದ ಎಡಕ್ಕೂ ಬಲಕ್ಕೂ ನಾಲ್ಕು ನಾಲ್ಕು ಇಂಚು ಗುರುತು ಹಾಕಿ, ಆ ಎರಡು ಗಡಿಗಳಲ್ಲಿ ಮೊದಲೇ ಕೈಹೊಲಿಗೆಯಿಂದ ಬಿಗಿ ಹಾಕಿಕೊಂಡೆ. ಆಮೇಲೆ ಎಳೆದೆ. ಮೇಲಂಚಿನ ಗೆರೆಯನ್ನೂ ಅಷ್ಟೇ ಅಗಲಕ್ಕೆ ಬಿಚ್ಚಿದೆ.

ಸೀಟಿನ ಹೊಲಿಗೆ ಹಟಮಾರಿ. ಅಲ್ಲಿ ಎರಡೂ ಅಂಚುಗಳು ಒಂದರೊಳಗೊಂದು ಮಡಚಿಕೊಂಡು, ಮೇಲೆ ಜೋಡಿಗೆರೆ ಹೊಲಿಗೆ ಕೂತಿರುತ್ತದೆ. ಆರು ಇಂಚು ಕೆಳಗಿನವರೆಗೆ ಬಿಚ್ಚಲು ಸಮಯ ಹಿಡಿಯಿತು. ನೂಲಿನ ಚೂರುಗಳನ್ನು ಅಂಟುಪಟ್ಟಿ ಒತ್ತಿ ತೆಗೆದೆ. ಒಂದು ಉದ್ದನೆಯ ತುಂಡನ್ನು ಎತ್ತಿಟ್ಟುಕೊಂಡೆ, ದಾರ ತರಲು ಅದೇ ಮಾದರಿ.

ಬುಧವಾರ

ದಾರ, ಸೂಜಿ. ಬಳ್ಳಾರಿಯಲ್ಲಿ ಜೀನ್ಸ್ ದಾರಕ್ಕೆ ಅಲೆಯಬೇಕಾಗಿಲ್ಲ. ಹೊಲಿಯುವುದು, ಒಗೆದು ಬಣ್ಣ ಇಳಿಸುವುದು, ಗುಂಡಿ ಬಡಿಯುವುದು ಎಲ್ಲವೂ ನಡೆಯುವ ಊರು ಇದು. ಅಂಗಡಿಯವರು ನನ್ನ ಕೈಯಲ್ಲಿದ್ದ ತುಂಡು ನೋಡಿ ಮೊದಲು ಹೊಳೆಯುವ ಚಿನ್ನದ ಬಣ್ಣದ ಕೋನು ಇಟ್ಟರು. ಹೊಸ ದಾರ ಹಳೆಯದರ ಪಕ್ಕದಲ್ಲಿ ಕಣ್ಣಿಗೆ ಹೊಡೆಯುತ್ತದೆ. ಅದಕ್ಕಿಂತ ಒಂದು ಮೆಟ್ಟಿಲು ಮಂಕಾದ, ಒಣಗಿದ ಸಾಸಿವೆಯ ಬಣ್ಣ ತೆಗೆದುಕೊಂಡೆ.

ನಮ್ಮ ಬೀದಿಯಲ್ಲಿ ತುಂಡಿನ ಲೆಕ್ಕಕ್ಕೆ ಜೀನ್ಸ್ ಹೊಲಿಯುವ ಅಕ್ಕ ಒಬ್ಬರಿದ್ದಾರೆ. ಬಿಚ್ಚಿದ್ದನ್ನು ತೋರಿಸಿದೆ. ಸೀಟಿನ ಕೆಳಗೆ ಬೆರಳಿಟ್ಟು, "ಇಲ್ಲಿ ಇಳಿಸುವಾಗ ಅವಸರ ಮಾಡಬೇಡಮ್ಮ. ಗೆರೆ ಹಳೆಯ ಹೊಲಿಗೆಯೊಳಗೆ ಕರಗಿಹೋಗಬೇಕು. ಇಲ್ಲದಿದ್ದರೆ ಮೊನೆ ನಿಲ್ಲುತ್ತದೆ" ಎಂದರು. ಈ ಇಡೀ ಕೆಲಸದಲ್ಲಿ ನನಗೆ ಸಿಕ್ಕ ಅತ್ಯಂತ ಉಪಯುಕ್ತ ಮಾತು ಅದು.

ಶನಿವಾರ

ಹೊಲಿಗೆಯ ದಿನ. ಒಟ್ಟು ಒಂದೂವರೆ ಇಂಚು ಹಿಡಿಯಬೇಕು, ಅಂದರೆ ಬದಿಗೆ ಮುಕ್ಕಾಲು. ಸೀಮೆಸುಣ್ಣದಿಂದ ಸೀಟಿನ ಮೇಲ್ತುದಿಯಲ್ಲಿ ಮುಕ್ಕಾಲು ಇಂಚಿಗೆ ಗುರುತು, ಅಲ್ಲಿಂದ ಐದು ಇಂಚು ಕೆಳಗೆ ಶೂನ್ಯ. ಕೊನೆಯ ಎರಡು ಇಂಚನ್ನು ಹಳೆಯ ಗೆರೆಗೆ ಒರೆಸಿಕೊಂಡಂತೆ ಇಳಿಸಿದೆ. ಹಿಂಜೇಬುಗಳ ಮೇಲಂಚಿನ ಮಟ್ಟಕ್ಕೆ ಬರುವಾಗ ಹಿಡಿತ ಬದಿಗೆ ಕಾಲು ಇಂಚಿನಷ್ಟೇ ಉಳಿದಿತ್ತು, ಹಾಗಾಗಿ ಜೇಬುಗಳು ತಮ್ಮ ಜಾಗದಲ್ಲೇ ಇವೆ. ಎರಡು ಇಂಚಿಗಿಂತ ಹೆಚ್ಚು ಹಿಡಿಯುವವರು ಇದನ್ನು ಯೋಚಿಸಲೇಬೇಕು: ಜೇಬುಗಳು ಒಂದಕ್ಕೊಂದು ಮುತ್ತಿಕ್ಕುವಷ್ಟು ಹತ್ತಿರ ಬರುತ್ತವೆ, ಪಕ್ಕದ ಹೊಲಿಗೆಗಳು ಹಿಂದಕ್ಕೆ ಎಳೆದುಕೊಳ್ಳುತ್ತವೆ.

ಮೊದಲು ಕಚ್ಚಾ ಹೊಲಿಗೆ. ಹಾಕಿಕೊಂಡು ಕೂತೆ, ಬಗ್ಗಿದೆ, ಮೆಟ್ಟಿಲು ಹತ್ತಿದೆ. ಆಮೇಲೆಯೇ ಯಂತ್ರ.

ಪಟ್ಟಿಯ ಸರದಿ. ನಟ್ಟನಡುವೆ ಒಂದು ಕತ್ತರಿ. ಇಡೀ ಕೆಲಸದಲ್ಲಿ ಡೆನಿಮ್ಮಿಗೆ ತಾಗಿದ ಕತ್ತರಿ ಅದೊಂದೇ. ನಡುವಿನಿಂದ ಎರಡೂ ಕಡೆ ಮುಕ್ಕಾಲು ಇಂಚಿನಲ್ಲಿ ಹೊಲಿದರೆ ಆ ಮುಕ್ಕಾಲು ಇಂಚೇ ಒಳಗಿನ ಅಂಚಾಗಿ ಉಳಿಯುತ್ತದೆ. ಏನೂ ಕತ್ತರಿಸಿ ಎಸೆಯಬೇಕಾಗಿಲ್ಲ. ಮುಂದೆ ಬೇಕಾದರೆ ಇದರಲ್ಲೇ ಮುಕ್ಕಾಲು ಇಂಚಿನಷ್ಟು ಸೊಂಟ ಮತ್ತೆ ಬಿಡಿಸಬಹುದು.

ಇಲ್ಲೊಂದು ಸೂಕ್ಷ್ಮವಿದೆ. ಪಟ್ಟಿಯ ಮಡಿಕೆಯನ್ನು ಬಿಡಿಸಿ, ಹೊರಪದರ ಒಳಪದರ ಎರಡಕ್ಕೂ ಸೇರಿ ಒಂದೇ ಗೆರೆ ಹೊಲಿಯುವಾಗ, ಮಡಿಕೆ ಬರುವ ನಡುಭಾಗದಲ್ಲಿ ಬದಿಗೆ ಒಂದು ನೂಲಿನಷ್ಟು, ಅಂದರೆ ಇಂಚಿನ ಎಂಟನೇ ಒಂದು ಭಾಗದಷ್ಟು, ಹೆಚ್ಚು ಹಿಡಿದೆ. ಮತ್ತೆ ಮಡಚಿದಾಗ ಆ ನಡುಭಾಗವೇ ಸೊಂಟಪಟ್ಟಿಯ ಮೇಲಂಚು. ನೇರವಾಗಿದ್ದ ಪಟ್ಟಿ ಈಗ ಬೆನ್ನಿನಲ್ಲಿ ಸ್ವಲ್ಪ ಒಳಕ್ಕೆ ವಾಲುತ್ತದೆ. ಸೊಂಟ ಮೇಲಕ್ಕೆ ಹೋದಂತೆ ಕಿರಿದಾಗುವ ಮೈಗೆ ಆ ಒಂದು ನೂಲು ಬೇಕೇ ಬೇಕು. ಬಾಯಿ ತೆರೆಯುವ ತೊಂದರೆ ತಪ್ಪಿದ್ದರಲ್ಲಿ, ಹಿಡಿದ ಒಂದೂವರೆ ಇಂಚಿಗಿರುವಷ್ಟೇ ಪಾಲು ಇದಕ್ಕೂ ಇದೆ ಎಂದು ನನ್ನ ಅಭಿಪ್ರಾಯ.

ಜೋಡಣೆಯ ಅಂಚುಗಳನ್ನು ಎರಡು ಬದಿಗೂ ಬಿಡಿಸಿ ಇಸ್ತ್ರಿ ಮಾಡಿದೆ. ಕತ್ತರಿಸಿದ ಕಡೆ ಬಿಳಿಯ ಅಡ್ಡನೂಲುಗಳು ಆಗಲೇ ಹೊರಗೆ ಇಣುಕುತ್ತಿದ್ದವು, ಅಂಚಿಗೆ ಕೈಯಿಂದ ಸುತ್ತುಹೊಲಿಗೆ ಹಾಕಿದೆ. ಸೀಟಿನ ಅಂಚನ್ನು ಒಂದೇ ಬದಿಗೆ ಮಲಗಿಸಿ, ಹಲಗೆಯ ಮೇಲಿಟ್ಟು, ಬಟ್ಟೆ ಹೊದಿಸಿ ಸುತ್ತಿಗೆಯಿಂದ ಬಡಿದೆ. ಬಡಿದಾಗ ಪದರಗಳು ನಿಜವಾಗಿಯೂ ತೆಳುವಾಗುತ್ತವೆ, ಸೂಜಿ ಮುರಿಯುವುದು ತಪ್ಪುತ್ತದೆ.

ನಮ್ಮದು ತುಳಿಯುವ ಹೊಲಿಗೆ ಯಂತ್ರ, ಅಮ್ಮನದು. ದಪ್ಪ ಬಟ್ಟೆಗೆ ಇದರಷ್ಟು ನಂಬಿಕೆಯ ಯಂತ್ರ ನನಗೆ ಬೇರೆ ಗೊತ್ತಿಲ್ಲ. ಒಳಗಿನ ಹೊಲಿಗೆಗೆ 16ನೇ ನಂಬರಿನ ಸೂಜಿ, ಮೇಲಿನ ದಪ್ಪ ದಾರಕ್ಕೆ 18. ದಪ್ಪ ದಾರ ಮೇಲೆ ಮಾತ್ರ. ಬಾಬಿನ್ನಿನಲ್ಲಿ ನೀಲಿಯ ಮಾಮೂಲಿ ದಾರ. ಹಳೆಯ ಹೊಲಿಗೆಯಲ್ಲಿ ಇಂಚಿಗೆ ಏಳು ಕುಟ್ಟುಗಳಿದ್ದವು, ಅದಕ್ಕೆ ಸರಿಯಾಗಿ ಕುಟ್ಟಿನ ಉದ್ದ ಹೊಂದಿಸಿದೆ. ದಾರದ ಬಣ್ಣಕ್ಕಿಂತ ಕುಟ್ಟಿನ ಉದ್ದ ತಾಳೆಯಾಗುವುದು ಮುಖ್ಯ. ಕಣ್ಣು ಮೊದಲು ಹಿಡಿಯುವುದು ಅದನ್ನೇ. ದಪ್ಪ ಜೋಡಣೆ ಹತ್ತುವ ಮುನ್ನ ಬಟ್ಟೆಯನ್ನು ಒತ್ತಿಹಿಡಿಯುವ ಯಂತ್ರದ ಪಾದದ ಹಿಂಬದಿಗೆ ಮಡಚಿದ ಡೆನಿಮ್ ತುಂಡು ಕೊಟ್ಟು ಮಟ್ಟ ಮಾಡಿದೆ, ಆ ಅರ್ಧ ಇಂಚನ್ನು ತುಳಿಯದೆ ಕೈಚಕ್ರ ತಿರುಗಿಸಿಯೇ ದಾಟಿಸಿದೆ. ಎರಡೂ ತುದಿಗಳಲ್ಲಿ ಹಳೆಯ ಚೈನ್ ಹೊಲಿಗೆಯ ಮೇಲೆ ಒಂದು ಇಂಚು ಹತ್ತಿಸಿ ಹೊಲಿದೆ, ಇನ್ನು ಅದು ಬಿಚ್ಚಿಕೊಳ್ಳುವಂತಿಲ್ಲ.

ಕೊನೆಗೆ ಲೂಪು, ಹೊಸ ಜೋಡಣೆಯ ನೇರ ಮೇಲೆ. ಈ ಯಂತ್ರಕ್ಕೆ ಜಿಗ್‌ಜಾಗ್, ಅಂದರೆ ಅಂಕುಡೊಂಕು ಹೊಲಿಗೆ, ಇಲ್ಲ. ಒಂದೇ ಗೆರೆಯ ಮೇಲೆ ಹಿಂದೆ ಮುಂದೆ ಕೆಲವು ಸಲ ಓಡಿಸಿದರೆ ಅಷ್ಟೇ ಗಟ್ಟಿ.

ಆಮೇಲೆ

ಈಗ ಕೆಲವು ಸಲ ಒಗೆದಾಗಿದೆ. ಹೊಸ ಗೆರೆಯ ಏಣುಗಳಲ್ಲಿ ಬಣ್ಣ ಇಳಿಯಲು ಶುರುವಾಗಿದೆ, ಜೋಡಣೆ ಹಳೆಯದರೊಂದಿಗೆ ಬೆರೆಯುತ್ತಿದೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂತರೂ ಪಟ್ಟಿ ಬೆನ್ನು ಬಿಡುವುದಿಲ್ಲ. ಬೆಲ್ಟ್ ಹಾಕುವುದನ್ನೇ ನಿಲ್ಲಿಸಿದ್ದೇನೆ.

ಮುಂದಿನದು ತಮ್ಮನ ಜೀನ್ಸ್. ಅದು ಮೂರು ಇಂಚು ಸಡಿಲ, ಸೀಟೂ ಸಡಿಲ. ಬೆನ್ನಿನಲ್ಲಿ ಒಂದೂವರೆ ಹಿಡಿದು ಉಳಿದದ್ದನ್ನು ಎರಡು ಪಕ್ಕಗಳಲ್ಲಿ ಹಂಚಬೇಕು. ಪಕ್ಕದ ಹೊಲಿಗೆ ಮುಂಜೇಬಿನ ಬಾಯಿಗೂ ಸೇರಿಕೊಂಡಿದೆ, ಅಲ್ಲಿ ರಿವೆಟ್ ಇದೆ. ರಿವೆಟ್ಟಿನ ಹತ್ತಿರಕ್ಕೆ ಸೂಜಿ ತರದೆ ಹಿಂತುಂಡಿನಿಂದಷ್ಟೇ ಬಟ್ಟೆ ಹಿಡಿಯುವ ಯೋಚನೆಯಿದೆ. ಪಟ್ಟಿಯನ್ನು ಈ ಸಲ ಹಿಂದಿನ ಅರ್ಧಸುತ್ತು ಪೂರ್ತಿ ಬಿಚ್ಚಬೇಕಾಗುತ್ತದೆ. ಪ್ಯಾಂಟು ಒಗೆದು ಹಾಕಿದ್ದೇನೆ. ಒಣಗಿದ ಮೇಲೆ ತಮ್ಮ ಅರ್ಧ ಗಂಟೆ ಹಾಕಿಕೊಂಡು ಓಡಾಡಲಿ, ಆಮೇಲೆ ಅಳತೆ.